ಹೊಳಪಿನ ಮೇಲೆ ಕೂರಿಸಿ, ಆಮೇಲೆ ಮಂಕು ಮಾಡಿ: ವಾಟರ್‌ಸ್ಲೈಡ್ ಡೆಕಾಲ್ ಮಾಡುವ, ಹಚ್ಚುವ ಬಗೆ

(ಮೈಸೂರಿನಲ್ಲಿ ದಸರಾ ಗೊಂಬೆ ಕೂರಿಸುವವರು ಮತ್ತು ಮಾದರಿ ವಾಹನ ಮಾಡುವ ಹವ್ಯಾಸಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯ ಪ್ರಶ್ನೋತ್ತರದ ಆಯ್ದ ಭಾಗವನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಗೊಂಬೆ ಹಬ್ಬಕ್ಕೆ ಇನ್ನು ಎರಡು ತಿಂಗಳಿದೆ. ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಈ ಸಲದ ಗೊಂಬೆ ಸಾಲಿಗೆ ಹೊಸದೇನಾದರೂ ಸೇರಿಸಬೇಕು ಅಂತ ಬಂದವರು. ಉಳಿದವರು ಮಾದರಿ ಬಸ್ಸು, ರೈಲು, ಹಳೇ ಸೈಕಲ್ಲು, ಹೊಲಿಗೆ ಮೆಷಿನ್ನು, ಆಂಪ್ಲಿಫೈಯರ್ ಡಬ್ಬಿ ಇಂಥವನ್ನು ಹಿಡಿದುಕೊಂಡು ಕೂರುವವರು. ಎಲ್ಲರಿಗೂ ತೊಡಕು ಬರುವುದು ಒಂದೇ ಕಡೆ. ವಸ್ತು ಚೆನ್ನಾಗಿಯೇ ಆಗುತ್ತದೆ, ಬಣ್ಣವೂ ಸರಿಯಾಗಿ ಬೀಳುತ್ತದೆ, ಅದರ ಮೇಲೆ ಬೆರಳುಗುರಿನಷ್ಟು ಜಾಗದಲ್ಲಿ ಅಕ್ಷರ ಬರೆಯಬೇಕು ಅನ್ನುವಾಗ ಕೈ ಸೋಲುತ್ತದೆ. ಸ್ಟಿಕ್ಕರ್ ಅಂಟಿಸಿದರೆ ಅದರ ಅಂಚು ದಪ್ಪಗೆ ಎದ್ದು ಕಾಣುತ್ತದೆ, ಉಬ್ಬುತಗ್ಗಿನ ಮೇಲೆ ಕೂರುವುದೂ ಇಲ್ಲ. ಇಂಥ ಕಡೆ ಬೇಕಾದದ್ದು ವಾಟರ್‌ಸ್ಲೈಡ್ ಡೆಕಾಲ್.

ಇದರ ರಚನೆ ಬಹಳ ಸರಳ. ಕೆಳಗೆ ನೀರು ಹೀರುವ ಕಾಗದ. ಅದರ ಮೇಲೆ ನೀರಿಗೆ ಕರಗುವ ಗೋಂದು. ಗಂಜಿಯ ಪಿಷ್ಟದಿಂದಲೇ ಮಾಡುವ ಡೆಕ್ಸ್‌ಟ್ರಿನ್ ಅನ್ನುವ ಅಂಟು. ಗೋಂದಿನ ಮೇಲೆ ಪಾರದರ್ಶಕವಾದ ಅಥವಾ ಬಿಳಿಯ ತೆಳು ಪದರ, ಫಿಲ್ಮ್. ಚಿತ್ರ ಅಚ್ಚಾಗುವುದು ಈ ಫಿಲ್ಮ್ ಮೇಲೆ. ನೀರಿಗೆ ಹಾಕಿದರೆ ಕಾಗದ ನೀರು ಹೀರಿ, ಗೋಂದು ಸಡಿಲವಾಗಿ, ಫಿಲ್ಮ್ ಜಾರುತ್ತದೆ. ಜಾರಿದ ಫಿಲ್ಮನ್ನು ವಸ್ತುವಿನ ಮೇಲೆ ಕೂರಿಸುವುದು, ಅಷ್ಟೇ. ಮಕ್ಕಳು ಬಬಲ್‌ಗಮ್ ಜೊತೆ ಬರುವ ಹಚ್ಚೆಯನ್ನು ಕೈಗೆ ಒತ್ತಿಕೊಳ್ಳುತ್ತಾರಲ್ಲ, ಅದು ಇದರ ದಾಯಾದಿ. ಆದರೆ ಆ ಹಚ್ಚೆಯನ್ನು ಬೋರಲು ಒತ್ತುವುದರಿಂದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಮಾಡಿರುತ್ತಾರೆ. ನಮ್ಮ ಡೆಕಾಲ್ ಮುಖ ಮೇಲಾಗಿಯೇ ಜಾರುತ್ತದೆ, ಹಾಗಾಗಿ ತಿರುಗಿಸಬೇಕಿಲ್ಲ. ಹಚ್ಚೆಯ ಅಭ್ಯಾಸದಲ್ಲಿ ಅಕ್ಷರಗಳನ್ನು ತಿರುಗಿಸಿ ಅಚ್ಚು ಹಾಕಿಸಿ ಒಂದು ಹಾಳೆ ಪೂರ್ತಿ ಹಾಳು ಮಾಡಿಕೊಂಡವರು ಹಲವರಿದ್ದಾರೆ.

ಇವತ್ತು ನೀವು ಬೇರೆ ಏನು ಮರೆತರೂ ಒಂದು ಮಾತು ಮನೆಗೆ ಒಯ್ಯಿರಿ: ಡೆಕಾಲ್ ಯಾವತ್ತೂ ಹೊಳಪಿನ ಮೇಲೆ ಕೂರಬೇಕು. ವಸ್ತು ಕೊನೆಗೆ ಮಂಕಾಗಿ ಕಾಣಬೇಕಿದ್ದರೂ ಸರಿ, ಮೊದಲು ಹೊಳಪಿನ ಕೋಟು, ಅದರ ಮೇಲೆ ಡೆಕಾಲ್, ಎಲ್ಲಕ್ಕಿಂತ ಮೇಲೆ ಮಂಕು ಕೋಟು. ಕಾರಣ ಮುಂದೆ ಹೇಳುತ್ತೇವೆ. ಕೆಟ್ಟುಹೋದ ಹತ್ತು ಡೆಕಾಲ್ ತೆಗೆದು ನೋಡಿದರೆ ಬಹುಪಾಲು ಕೆಟ್ಟಿರುವುದು ಈ ಕ್ರಮ ತಪ್ಪಿದ್ದರಿಂದ.

ಮೊದಲು ಕಾಗದದ ಆಯ್ಕೆ. ಇಂಕ್‌ಜೆಟ್ ಪ್ರಿಂಟರಿಗೆ ಬೇರೆ ಹಾಳೆ, ಲೇಸರ್ ಪ್ರಿಂಟರಿಗೆ ಬೇರೆ ಹಾಳೆ. ಅದಲುಬದಲು ಮಾಡಿದರೆ ಕೆಡುವುದು ಡೆಕಾಲ್ ಒಂದೇ ಅಲ್ಲ, ಮೆಷಿನ್ನೂ ಕೆಡಬಹುದು. ಲೇಸರ್ ಹಾಳೆಯನ್ನು ಇಂಕ್‌ಜೆಟ್‌ಗೆ ಹಾಕಿದರೆ ಶಾಯಿ ಹೀರದೆ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಮುತ್ತು ಕಟ್ಟಿ ನಿಲ್ಲುತ್ತದೆ, ಒರೆಸಿದರೆ ಹೋಯಿತು. ಇಂಕ್‌ಜೆಟ್ ಹಾಳೆಯನ್ನು ಲೇಸರ್ ಮೆಷಿನ್ನಿಗೆ ಹಾಕಿದರೆ ಇನ್ನೂ ಅಪಾಯ. ಆ ಮೆಷಿನ್ನಿನೊಳಗೆ ಟೋನರನ್ನು ಕರಗಿಸಿ ಒತ್ತುವ ರೋಲರ್ 200 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕಾದಿರುತ್ತದೆ. ಇಂಕ್‌ಜೆಟ್ ಹಾಳೆಯ ಲೇಪ ಆ ಬಿಸಿಗೆ ಕರಗಿ ರೋಲರಿಗೆ ಮೆತ್ತಿಕೊಳ್ಳುತ್ತದೆ. ಜೆರಾಕ್ಸ್ ಅಂಗಡಿಯವರು ಇಂಥ ಹಾಳೆ ಕಂಡರೆ ಬೇಡ ಅನ್ನುವುದಕ್ಕೆ ಕಾರಣವಿದೆ. ಪ್ಯಾಕೆಟ್ಟಿನ ಸಮೇತ ಹಾಳೆ ತೆಗೆದುಕೊಂಡು ಹೋಗಿ, ಅದರ ಮೇಲೆ ಲೇಸರ್ ಎಂದು ಬರೆದಿರುವುದನ್ನು ತೋರಿಸಿ, ಒಂದೊಂದೇ ಹಾಳೆಯನ್ನು ಪಕ್ಕದ ಟ್ರೇಯಿಂದ ಹಾಕಲು ಕೇಳಿ, ಸೆಟ್ಟಿಂಗಿನಲ್ಲಿ ದಪ್ಪ ಕಾಗದ ಎಂದು ಆರಿಸಲು ಹೇಳಿ. ಅರ್ಧ ಕತ್ತರಿಸಿದ ಹಾಳೆಯನ್ನು ಮಾತ್ರ ಯಾರ ಮೆಷಿನ್ನಿಗೂ ಕೊಡಬೇಡಿ. ಅದು ಒಳಗೇ ಸಿಕ್ಕಿಕೊಳ್ಳುತ್ತದೆ.

ಎರಡರಲ್ಲಿ ಯಾವುದು ಮೇಲು? ಅಕ್ಷರ, ಗೆರೆ, ನಂಬರು ಇವಿಷ್ಟೇ ಇದ್ದರೆ ಲೇಸರ್. ಟೋನರ್ ಪ್ಲಾಸ್ಟಿಕ್ಕಿನ ಪುಡಿ, ನೀರಿಗೆ ಕರಗುವುದಿಲ್ಲ, ಅಂಚು ಚೂಪಾಗಿ ಬರುತ್ತದೆ. ಬಣ್ಣ ಬಣ್ಣದ ಚಿತ್ರ, ನೆರಳು ಬೆಳಕು ಇದ್ದರೆ ಇಂಕ್‌ಜೆಟ್. ಆದರೆ ಇಂಕ್‌ಜೆಟ್ ಶಾಯಿ ನೀರಿನಲ್ಲಿ ಬೆರೆಸಿದ್ದು. ನೀರಿಗೆ ಹಾಕುವ ಮೊದಲು ಅದನ್ನು ಕ್ಲಿಯರ್ ಸ್ಪ್ರೇಯಿಂದ, ಅಂದರೆ ಬಣ್ಣವಿಲ್ಲದ ಪಾರದರ್ಶಕ ಸ್ಪ್ರೇಯಿಂದ, ಮುಚ್ಚಲೇಬೇಕು.

ಇನ್ನು ಪಾರದರ್ಶಕ ಹಾಳೆಯೋ ಬಿಳಿ ಹಾಳೆಯೋ? ಮನೆಯ ಪ್ರಿಂಟರ್ ಬಿಳಿ ಬಣ್ಣವನ್ನು ಅಚ್ಚು ಮಾಡುವುದಿಲ್ಲ. ಚಿತ್ರದಲ್ಲಿ ಬಿಳಿ ಇರುವ ಕಡೆ ಅದು ಕಾಗದವನ್ನು ಹಾಗೇ ಬಿಡುತ್ತದೆ. ಪಾರದರ್ಶಕ ಫಿಲ್ಮ್ ಆದರೆ ಆ ಜಾಗದಲ್ಲಿ ವಸ್ತುವಿನ ಬಣ್ಣವೇ ಕಾಣುತ್ತದೆ. ಅದಷ್ಟೇ ಅಲ್ಲ, ಪ್ರಿಂಟರಿನ ಹಳದಿ, ತಿಳಿಗೆಂಪು, ಆಕಾಶನೀಲಿ ಎಲ್ಲವೂ ಬೆಳಕು ಹಾಯುವ ಬಣ್ಣಗಳೇ. ಬಿಳಿ ಕಾಗದದ ಮೇಲೆ ಕಣ್ಣು ಕುಕ್ಕುವ ಹಳದಿ, ಕಡುನೀಲಿ ಪೇಂಟಿನ ಮೇಲೆ ಕೂತಾಗ ಕಾಣುವುದೇ ಇಲ್ಲ. ಆದ್ದರಿಂದ ಬಿಳಿ ಅಥವಾ ತಿಳಿ ಬಣ್ಣದ ವಸ್ತುವಿಗೆ ಪಾರದರ್ಶಕ ಹಾಳೆ. ಕಡು ಬಣ್ಣದ ವಸ್ತುವಿಗೆ ಬಿಳಿ ಹಾಳೆ, ಆದರೆ ಚಿತ್ರದ ಅಂಚಿಗೆ ಸರಿಯಾಗಿ ಕತ್ತರಿಸಬೇಕು, ಇಲ್ಲದಿದ್ದರೆ ಸುತ್ತ ಬಿಳಿ ಅಂಚು ಉಳಿಯುತ್ತದೆ. ಕಡು ಬಣ್ಣದ ಮೇಲೆ ಬಿಡಿ ಬಿಡಿ ಬಿಳಿ ಅಕ್ಷರ, ಇಲ್ಲವೇ ಹಳೇ ಹೊಲಿಗೆ ಮೆಷಿನ್ನಿನ ಮೇಲಿರುವಂಥ ಚಿನ್ನದ ಬಳ್ಳಿ ಬೇಕು ಅನ್ನುವವರು ಪ್ರಿಂಟರಿನ ಜೊತೆ ಗುದ್ದಾಡಬೇಡಿ. ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್‌ನವರ ಹತ್ತಿರ ಹೋಗಿ. ಅವರ ಹತ್ತಿರ ದಟ್ಟವಾದ ಬಿಳಿಯೂ ಇದೆ, ಚಿನ್ನದ ಬಣ್ಣವೂ ಇದೆ. ಡೆಕಾಲ್ ಹಾಳೆ ನೀವೇ ಕೊಟ್ಟು, ನೀರಿನ ಶಾಯಿ ಬೇಡ, ಸಾಲ್ವೆಂಟ್ ಶಾಯಿ ಹಾಕಿ ಅಂತ ಹೇಳಿದರೆ ಸಾಕು. ಒಂದೇ ಸ್ಕ್ರೀನಿನಲ್ಲಿ ಹತ್ತು ಹಾಳೆ ತೆಗೆಸಿಕೊಂಡರೆ ಸ್ನೇಹಿತರ ಜೊತೆ ಖರ್ಚು ಹಂಚಿಕೊಳ್ಳಬಹುದು.

ಈಗ ಚಿತ್ರ ತಯಾರಿಗೆ ಬರೋಣ. ಇಲ್ಲಿ ಕನ್ನಡಕ್ಕೇ ಸೇರಿದ ಕೆಲವು ಸಂಗತಿಗಳಿವೆ. ಬೇರೆ ಭಾಷೆಯವರು ಮಾಡಿದ ವಿಡಿಯೋ ನೋಡಿ ಕಲಿತವರಿಗೆ ಇವು ಸಿಕ್ಕಿರುವುದಿಲ್ಲ.

ಒಂದು ಬಸ್ಸನ್ನೇ ಉದಾಹರಣೆಯಾಗಿ ಹಿಡಿಯೋಣ. 1:50 ಅಳತೆಯ ಮಾದರಿ ಬಸ್ಸು, ಮುಂದುಗಡೆ ‘ಮೈಸೂರು – ಶ್ರೀರಂಗಪಟ್ಟಣ – ಮಂಡ್ಯ’ ಎಂಬ ಬೋರ್ಡು, ಕೆಳಗೆ ನಂಬರ್ ಪ್ಲೇಟು. ನಿಜವಾದ ಬೋರ್ಡು ಒಂದೂವರೆ ಮೀಟರ್ ಅಗಲವಿದ್ದರೆ ಮಾದರಿಯಲ್ಲಿ 30 ಮಿಲಿಮೀಟರ್. ಅಷ್ಟರೊಳಗೆ ಮೂರು ಊರು. ‘ಮೈಸೂರು’ ಹೇಗೋ ಓದಬಹುದು. ‘ಶ್ರೀ’ಯ ಕೆಳಗಿನ ರಕಾರದ ಒತ್ತು, ‘ಟ್ಟ’ದ ಒತ್ತು, ‘ಡ್ಯ’ದ ಯಕಾರದ ಕೊಂಡಿ, ಇವೆಲ್ಲ ಮುಖ್ಯ ಅಕ್ಷರದ ಅರ್ಧದಷ್ಟೂ ಇರುವುದಿಲ್ಲ. ಶಾಯಿ ಕೂದಲೆಳೆ ಹರಡಿದರೂ ಒತ್ತಕ್ಷರದ ಹೊಟ್ಟೆ ತುಂಬಿಹೋಗಿ ಕಪ್ಪು ಚುಕ್ಕಿಯಾಗುತ್ತದೆ. ಇಂಗ್ಲಿಷ್ ದೊಡ್ಡಕ್ಷರ 1 ಮಿಲಿಮೀಟರ್ ಎತ್ತರದಲ್ಲೂ ಓದಲು ಸಿಗುತ್ತದೆ. ಕನ್ನಡಕ್ಕೆ ಮೂಲ ಅಕ್ಷರವೇ 2 ಮಿಲಿಮೀಟರ್ ಇರಲಿ, ಒತ್ತಿಗೆಂದು ಕೆಳಗೆ ಇನ್ನೂ 1 ಮಿಲಿಮೀಟರ್ ಜಾಗ ಬಿಡಿ. ದಪ್ಪ ಅಕ್ಷರ ಆರಿಸಬೇಡಿ, ಸಾಧಾರಣ ದಪ್ಪದ್ದು ಸಾಕು. ದಪ್ಪ ಮಾಡಿದಷ್ಟೂ ಒಳಗಿನ ಬಿಳಿ ಜಾಗ ಕಮ್ಮಿಯಾಗುತ್ತದೆ. ಅಕ್ಷರಗಳ ನಡುವಿನ ಅಂತರವನ್ನು ಸ್ವಲ್ಪ ಹೆಚ್ಚಿಸಿ.

ನಂಬರ್ ಪ್ಲೇಟಿನ ಲೆಕ್ಕ ನೋಡಿ. ದೊಡ್ಡ ವಾಹನದ ಪ್ಲೇಟಿನ ಅಳತೆ 340 ಗುಣಿಸು 200 ಮಿಲಿಮೀಟರ್. 50ರಿಂದ ಭಾಗಿಸಿದರೆ 6.8 ಗುಣಿಸು 4 ಮಿಲಿಮೀಟರ್. ಅಕ್ಷರದ ಎತ್ತರ 65 ಮಿಲಿಮೀಟರ್ ಇದ್ದದ್ದು 1.3 ಆಗುತ್ತದೆ, ಗೆರೆಯ ದಪ್ಪ 10 ಮಿಲಿಮೀಟರ್ ಇದ್ದದ್ದು 0.2 ಆಗುತ್ತದೆ. 600 ಡಿಪಿಐ, ಅಂದರೆ ಒಂದು ಇಂಚಿಗೆ 600 ಚುಕ್ಕಿ ಹಾಕುವ, ಪ್ರಿಂಟರಿನಲ್ಲಿ ಒಂದು ಚುಕ್ಕಿಯ ಅಗಲ ಸುಮಾರು 0.042 ಮಿಲಿಮೀಟರ್, 0.2 ಅಂದರೆ ಐದು ಚುಕ್ಕಿಗೂ ಕಮ್ಮಿ. ಲೇಸರಿನಲ್ಲಿ ಇದು ಚೆನ್ನಾಗಿಯೇ ಬರುತ್ತದೆ. 0.1ಕ್ಕಿಂತ ಕೆಳಗೆ ಹೋದರೆ ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಪ್ಲೇಟು ಹಳದಿ, ಅಕ್ಷರ ಕಪ್ಪು. ಮೈಸೂರಿಗೆ ಕೆಎ 09 ಇಲ್ಲವೇ ಕೆಎ 55, ಮಂಡ್ಯಕ್ಕೆ ಕೆಎ 11. ಕಡು ಬಣ್ಣದ ಬಂಪರಿನ ಮೇಲೆ ಹಳದಿ ಕಾಣಬೇಕಾದ್ದರಿಂದ ಇದನ್ನು ಬಿಳಿ ಹಾಳೆಯಲ್ಲೇ ಮಾಡಬೇಕು. ಹಳದಿಯನ್ನು ಪ್ಲೇಟಿನ ಗಡಿಗಿಂತ ಎಲ್ಲಾ ಕಡೆ 1 ಮಿಲಿಮೀಟರ್ ಆಚೆಗೂ ಹರಡಿ ಅಚ್ಚು ಮಾಡಿ. ಕತ್ತರಿಸುವಾಗ ಬ್ಲೇಡು ಸ್ವಲ್ಪ ಅತ್ತಿತ್ತ ಸರಿದರೂ ಮೇಲೆ ಬಿಳಿ ಕಾಣುವುದಿಲ್ಲ. ಕತ್ತರಿಸಿದ ಪಕ್ಕೆಯಲ್ಲಿ ಬಿಳಿ ಫಿಲ್ಮಿನ ಸಣ್ಣ ಗೆರೆ ಕಂಡರೆ, ಡೆಕಾಲ್ ಹಚ್ಚಿ ಒಣಗಿದ ಮೇಲೆ ಕಡ್ಡಿ ತುದಿಯಲ್ಲಿ ಬಂಪರಿನ ಬಣ್ಣ ಮುಟ್ಟಿಸಿ ಮುಚ್ಚಿ.

ಕನ್ನಡ ಫಾಂಟಿನ ಇನ್ನೊಂದು ತೊಂದರೆ ನಿಮಗೆಲ್ಲ ಗೊತ್ತಿರುವಂಥದ್ದೇ. ಮನೆಯಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೇ ಜೆರಾಕ್ಸ್ ಅಂಗಡಿಗೆ ಒಯ್ದರೆ, ಅಲ್ಲಿ ಆ ಫಾಂಟ್ ಇಲ್ಲದೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಬರುತ್ತದೆ. ಯೂನಿಕೋಡ್ ಆದರೂ ಕೆಲವು ಚಿತ್ರ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಹಾಕದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುತ್ತದೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪಿನಲ್ಲಿ ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕಿ ಬರೆದು, ಆಮೇಲೆ ಅಕ್ಷರವನ್ನು ‘ಪಾತ್’ ಆಗಿ ಬದಲಾಯಿಸಿ, ಪಿಡಿಎಫ್ ಮಾಡಿಕೊಂಡು ಹೋಗಿ. ಆಗ ಅದು ಅಕ್ಷರವಾಗಿ ಉಳಿಯದೆ ಚಿತ್ರವಾಗಿರುತ್ತದೆ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕೆಡುವುದಿಲ್ಲ. ಅಚ್ಚು ಹಾಕುವಾಗ ‘ಫಿಟ್ ಟು ಪೇಜ್’ ತೆಗೆಸಿ, ನೂರಕ್ಕೆ ನೂರು ಅಳತೆ ಇಡಿಸಿ. ಹಾಳೆಗೆ ಹೊಂದಿಸಲು ಮೆಷಿನ್ನು ಶೇಕಡಾ ಮೂರು ನಾಲ್ಕು ಕುಗ್ಗಿಸಿದರೆ ಬೋರ್ಡು ಚೌಕಟ್ಟಿನಲ್ಲಿ ಕೂರುವುದಿಲ್ಲ. ಮೊದಲು ಸಾಮಾನ್ಯ ಕಾಗದದಲ್ಲಿ ತೆಗೆದು, ಕತ್ತರಿಸಿ, ವಸ್ತುವಿನ ಮೇಲಿಟ್ಟು ನೋಡಿ. ಸರಿಯಿದ್ದರೆ ಡೆಕಾಲ್ ಹಾಳೆ. ಪ್ರತಿಯೊಂದು ಚಿತ್ರಕ್ಕೂ ಕನಿಷ್ಠ ಮೂರು ಪ್ರತಿ ತುಂಬಿಸಿ. ಒಂದು ಹಚ್ಚಲು, ಒಂದು ಹಾಳಾಗಲು, ಒಂದು ನೀರಿನ ಪರೀಕ್ಷೆಗೆ.

ಇಂಕ್‌ಜೆಟ್ ಹಾಳೆ ಪ್ರಿಂಟರಿನಿಂದ ಹೊರಬಂದಾಗ ಒಣಗಿದ ಹಾಗೆ ಕಾಣುತ್ತದೆ, ಒಣಗಿರುವುದಿಲ್ಲ. ಬೇಸಿಗೆಯಲ್ಲಿ ಅರ್ಧ ಗಂಟೆ ಸಾಕು, ಈಗಿನ ಮಳೆಗಾಲದಲ್ಲಿ ಒಂದು ರಾತ್ರಿ ಬಿಡಿ. ಆಮೇಲೆ ಕ್ಲಿಯರ್ ಅಕ್ರಿಲಿಕ್ ಸ್ಪ್ರೇ. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ, 25ರಿಂದ 30 ಸೆಂಟಿಮೀಟರ್ ದೂರದಿಂದ ಹೊಡೆಯಿರಿ. ಸ್ಪ್ರೇ ಹಾಳೆಯ ಹೊರಗೆ ಶುರುವಾಗಿ ಹಾಳೆಯ ಹೊರಗೇ ನಿಲ್ಲಬೇಕು. ಮೊದಲ ಕೋಟು ಇಬ್ಬನಿ ಬಿದ್ದ ಹಾಗಿರಲಿ, ಹಾಳೆ ಒದ್ದೆಯಾಗಿ ಹೊಳೆಯಬಾರದು. ಮೊದಲಿಗೇ ದಪ್ಪ ಹೊಡೆದರೆ ಸ್ಪ್ರೇಯೊಳಗಿನ ಥಿನ್ನರ್ ಶಾಯಿಯನ್ನು ಕರಗಿಸಿ ಹರಡಿಸುತ್ತದೆ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಅಷ್ಟೇ ಬಿಟ್ಟು ಮೂರನೆಯದು. ಮೂರು ತೆಳು ಕೋಟು ಸರಿಯಾದ ಅಳತೆ. ಐದಾರು ಹೊಡೆದರೆ ಫಿಲ್ಮ್ ಹಪ್ಪಳದ ಹಾಗೆ ಗಡುಸಾಗಿ, ಗೊಂಬೆಯ ಕೊರಳು, ಬಸ್ಸಿನ ಮೂಲೆ ಇಂಥ ಕಡೆ ಬಾಗದೆ ಬಿರಿಯುತ್ತದೆ. ಇಪ್ಪತ್ತನಾಲ್ಕು ಗಂಟೆ ಒಣಗಿಸಿ. ಆಮೇಲೆ ಬೇಡದ ಒಂದು ತುಂಡು ಕತ್ತರಿಸಿ ಬಿಳಿ ಬಟ್ಟಲಿನ ನೀರಿಗೆ ಹಾಕಿ. ನೀರಿಗೆ ಬಣ್ಣ ಬಿಟ್ಟರೆ ಇನ್ನೊಂದು ಕೋಟು ಬೇಕು. ತುಂಡಿನ ಅಂಚಿನಲ್ಲಿ ಮಾತ್ರ ಬಣ್ಣ ಬಿಟ್ಟರೆ ಸ್ಪ್ರೇಯದ್ದು ತಪ್ಪಿಲ್ಲ. ಬ್ಲೇಡು ಶಾಯಿಯ ಮೇಲೇ ಹಾದಿದೆ. ಅದಕ್ಕೇ ಪಾರದರ್ಶಕ ಹಾಳೆಯಲ್ಲಿ ಚಿತ್ರದ ಸುತ್ತ 1 ಮಿಲಿಮೀಟರ್ ಖಾಲಿ ಫಿಲ್ಮ್ ಬಿಟ್ಟು ಕತ್ತರಿಸಬೇಕು. ಮೂಲೆಗಳನ್ನು ದುಂಡಗೆ ಮಾಡಿ, ಚೂಪು ಮೂಲೆ ಮೊದಲು ಏಳುತ್ತದೆ.

ಸ್ಪ್ರೇ ಹೊಡೆಯುವ ಹೊತ್ತು ಮುಖ್ಯ. ಮೈಸೂರಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆಯಲ್ಲಿ ಬೆಳಗ್ಗೆ, ಸಂಜೆ ತೇವ ಹೆಚ್ಚು. ಥಿನ್ನರ್ ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಆ ತಂಪಿಗೆ ಗಾಳಿಯ ತೇವ ಅಲ್ಲೇ ನೀರಾಗಿ ಕೂತು, ಕೋಟಿನೊಳಗೆ ಸಿಕ್ಕಿಕೊಂಡು, ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಮಳೆಯಿಲ್ಲದ ದಿನ, ಹಗಲು ಹನ್ನೊಂದರಿಂದ ಮೂರರ ಒಳಗೆ ಮುಗಿಸಿ. ತೆಳುವಾಗಿ ಬೆಳ್ಳಗಾಗಿದ್ದರೆ ಒಣ ದಿನದಲ್ಲಿ ಮತ್ತೊಂದು ತೆಳು ಕೋಟು ಹೊಡೆದರೆ ಬಹಳ ಸಲ ತಿಳಿಯಾಗುತ್ತದೆ. ಒಳಮನೆಯಲ್ಲಿ ಹೊಡೆಯಲೇಬೇಡಿ. ಡಬ್ಬಿಯ ಅನಿಲಕ್ಕೂ ಥಿನ್ನರಿಗೂ ಬೆಂಕಿ ತಗುಲುತ್ತದೆ; ದೇವರ ಮನೆಯ ದೀಪ, ಅಡುಗೆ ಒಲೆ ಹತ್ತಿರ ಇರಕೂಡದು. ಟೆರೇಸಿಗೆ ಹೋಗಿ. ಬಟ್ಟೆಯ ಮಾಸ್ಕು ಈ ಆವಿಯನ್ನು ತಡೆಯುವುದಿಲ್ಲ, ಪೇಂಟರುಗಳು ಹಾಕುವ ಇದ್ದಿಲ ಫಿಲ್ಟರಿನ ಮಾಸ್ಕೇ ಬೇಕು.

ಇನ್ನು ಡೆಕಾಲ್ ಕೂರುವ ಮೈ. ಮೊದಲು ಹೇಳಿದ ಹೊಳಪಿನ ಮಾತಿನ ಕಾರಣ ಇಲ್ಲಿದೆ. ಮಂಕು ಬಣ್ಣ ಮಂಕಾಗಿ ಕಾಣುವುದೇ ಅದರ ಮೈ ಒರಟಾಗಿರುವುದರಿಂದ. ಕಣ್ಣಿಗೆ ಕಾಣದ ಗುಡ್ಡ, ಹಳ್ಳ. ಫಿಲ್ಮ್ ಗುಡ್ಡಗಳ ತುದಿಯ ಮೇಲೆ ಚಪ್ಪರದ ಹಾಗೆ ನಿಲ್ಲುತ್ತದೆ, ಹಳ್ಳಗಳಲ್ಲಿ ಗಾಳಿ ಉಳಿಯುತ್ತದೆ. ಒದ್ದೆ ಇರುವಾಗ ಹಳ್ಳದಲ್ಲಿ ನೀರಿರುವುದರಿಂದ ಎಲ್ಲ ಚೆನ್ನಾಗಿ ಕಾಣುತ್ತದೆ. ಮಾರನೆಯ ಬೆಳಗ್ಗೆ ನೀರು ಆರಿ, ಗಾಳಿ ತುಂಬಿ, ಅಕ್ಷರದ ಸುತ್ತಲಿನ ಪಾರದರ್ಶಕ ಜಾಗ ಬೂದಿ ಬಳಿದ ಹಾಗೆ ಬೆಳ್ಳಿ ಬೆಳ್ಳಿಯಾಗಿ ಹೊಳೆಯುತ್ತದೆ. ಹವ್ಯಾಸಿಗಳು ಇದನ್ನೇ ಸಿಲ್ವರಿಂಗ್ ಅನ್ನುವುದು. ಹೊಳಪಿನ ಕೋಟು ಹಳ್ಳಗಳನ್ನು ತುಂಬಿ ಮೈಯನ್ನು ಗಾಜಿನ ಹಾಗೆ ಮಾಡುತ್ತದೆ. ಗಾಳಿ ನಿಲ್ಲಲು ಜಾಗವೇ ಇರುವುದಿಲ್ಲ.

ಮರದ ವಸ್ತುವಾದರೆ ಎಳೆಗಳು ತುಂಬಬೇಕು. ಬಡಗಿಗಳು ಬಳಸುವ ಸ್ಯಾಂಡಿಂಗ್ ಸೀಲರ್ ಎರಡು ಕೈ ಹೊಡೆದು, ಒಂದೊಂದು ಕೈಗೂ 320 ನಂಬರ್ ಮರಳು ಕಾಗದದಲ್ಲಿ ಉಜ್ಜಿ, ಆಮೇಲೆ ಬಣ್ಣ, ಕೊನೆಗೆ ಹೊಳಪು. ಫ್ರೆಂಚ್ ಪಾಲಿಶ್ ಮಾಡಿದ ಹಳೇ ಪೀಠ, ಮಂಟಪ ಇದ್ದರೆ ಎಚ್ಚರ. ಪಾಲಿಶ್ ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಮೈಸೂರಿಗೆ ಅರಗು ಹೊಸದಲ್ಲ. ಇಂದು ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಇಲ್ಲಿನ ಬಣ್ಣದ ಕಾರ್ಖಾನೆ 1937ರಲ್ಲಿ ಶುರುವಾದದ್ದೇ ಅರಗಿನ ಕೆಲಸಕ್ಕೆ. ಒಳ್ಳೆಯ ವಸ್ತುವೇ, ಆದರೆ ನೀರು ನಿಂತರೆ ಅದರ ಮೇಲೆ ಬಿಳಿ ಕಲೆ ಬೀಳುತ್ತದೆ. ಅಂಥದ್ದರ ಮೇಲೆ ಮೊದಲು ಅಕ್ರಿಲಿಕ್ ಕ್ಲಿಯರ್ ಎರಡು ತೆಳು ಕೋಟು ಹೊಡೆದು, ನೀರು ತಗುಲದಂತೆ ಮಾಡಿಕೊಂಡು ಡೆಕಾಲ್ ಹಚ್ಚಿ. ಮಣ್ಣಿನ ಗೊಂಬೆ, ಕುಡಿಕೆ ನೀರು ಹೀರುತ್ತವೆ. ಪ್ರೈಮರ್ ಮತ್ತು ಹೊಳಪು ಇಲ್ಲದೆ ಹಚ್ಚಿದರೆ ಡೆಕಾಲ್ ಜಾಗಕ್ಕೆ ಸರಿಸುವ ಮೊದಲೇ ಹಿಡಿದುಕೊಳ್ಳುತ್ತದೆ. ಗಾಜು, ಮೆರುಗಿನ ಪಿಂಗಾಣಿಗೆ ಏನೂ ಬೇಡ, ಸೋಪಿನ ನೀರಿನಲ್ಲಿ ತೊಳೆದರೆ ಸಾಕು.

ಎನಾಮಲ್ ಪೇಂಟ್, ನಾವು ಆಯಿಲ್ ಪೇಂಟ್ ಅನ್ನುವುದು, ಮುಟ್ಟಿದರೆ ಕೈಗೆ ಅಂಟದಿದ್ದರೂ ಒಳಗೆ ಹಸಿಯಾಗಿರುತ್ತದೆ. ಅದರ ಮೇಲೆ ಮಾರನೇ ದಿನವೇ ಕ್ಲಿಯರ್ ಸ್ಪ್ರೇ ಹೊಡೆದರೆ ಥಿನ್ನರ್ ಒಳಗಿಳಿದು ಪೇಂಟು ಸುಕ್ಕುಗಟ್ಟಿ ಏಳುತ್ತದೆ. ಕನಿಷ್ಠ ಒಂದು ವಾರ ಬಿಡಿ, ಅಥವಾ ನೀರಿನ ಅಕ್ರಿಲಿಕ್ ವಾರ್ನಿಷನ್ನು ಬ್ರಷ್‌ನಲ್ಲಿ ಹಚ್ಚಿ.

ಹಚ್ಚುವ ಕೆಲಸ ನಿಜವಾಗಿ ಐದು ನಿಮಿಷದ್ದು. ಒಂದು ಅಗಲ ತಟ್ಟೆ, ಚಿಮಟ, ಮೆತ್ತಗಿನ ಎರಡು ಬ್ರಷ್, ಕಿವಿಕಡ್ಡಿ, ಟಿಶ್ಯೂ. ನೀರು ಉಗುರುಬೆಚ್ಚಗಿರಲಿ. ಬೋರ್‌ವೆಲ್ ನೀರು ಬೇಡ. ಗಡಸು ನೀರು ಆರಿದಾಗ ಫಿಲ್ಮಿನ ಸುತ್ತ ಬಿಳಿ ಸುಣ್ಣದ ಗೆರೆ ಬಿಡುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಡೆಕಾಲನ್ನು ಇಪ್ಪತ್ತು ಮೂವತ್ತು ಸೆಕೆಂಡು ಮುಳುಗಿಸಿ. ಮೊದಲು ಸುರುಳಿ ಸುತ್ತುತ್ತದೆ, ಬಲವಂತವಾಗಿ ಬಿಡಿಸಬೇಡಿ, ತಾನೇ ಚಪ್ಪಟೆಯಾಗುತ್ತದೆ. ಹೊರತೆಗೆದು ತಟ್ಟೆಯ ಅಂಚಿನಲ್ಲಿ ಒಂದು ನಿಮಿಷ ಇಡಿ. ಬೆಲ್ಲದ ಪಾಕಕ್ಕೆ ಹದ ಇರುವ ಹಾಗೆ ಇದಕ್ಕೂ ಒಂದು ಹದ: ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಫಿಲ್ಮ್ ಕಾಗದದ ಮೇಲೆ ಎಣ್ಣೆ ಹಚ್ಚಿದಂತೆ ಸರಿಯಬೇಕು. ಸರಿಯದಿದ್ದರೆ ಇನ್ನೂ ಅರ್ಧ ನಿಮಿಷ. ನೀರಿನಲ್ಲೇ ತೇಲಿ ಬರುವವರೆಗೆ ಬಿಟ್ಟರೆ ಗೋಂದೆಲ್ಲ ತೊಳೆದುಹೋಗಿ ಅಂಟುವ ಶಕ್ತಿ ಕಮ್ಮಿಯಾಗುತ್ತದೆ.

ವಸ್ತುವಿನ ಮೇಲೆ ಬ್ರಷ್‌ನಿಂದ ಸ್ವಲ್ಪ ನೀರು ಸವರಿ. ಡೆಕಾಲನ್ನು ಕಾಗದದ ಸಮೇತ ಅದರ ಜಾಗದ ಪಕ್ಕ ಇಟ್ಟು, ಫಿಲ್ಮಿನ ಒಂದು ಅಂಚನ್ನು ಬ್ರಷ್‌ನಿಂದ ಹಿಡಿದು, ಕೆಳಗಿನ ಕಾಗದವನ್ನು ಎಳೆಯಿರಿ. ಫಿಲ್ಮನ್ನು ಎಳೆಯಬಾರದು, ಹಿಗ್ಗುತ್ತದೆ, ಹರಿಯುತ್ತದೆ. ಜಾಗಕ್ಕೆ ಸರಿಸಿದ ಮೇಲೆ ನಡುವಿನಿಂದ ಹೊರಗೆ ಕಿವಿಕಡ್ಡಿಯನ್ನು ಉರುಳಿಸಿ ನೀರು ಹೊರಡಿಸಿ. ಉಜ್ಜಬೇಡಿ, ಉರುಳಿಸಿ.

ತಿರುವು, ರಿವೆಟ್ ತಲೆ, ಗೊಂಬೆಯ ಸೀರೆ ನೆರಿಗೆ ಇದ್ದರೆ ಡೆಕಾಲ್ ಮೆತ್ತಗೆ ಮಾಡುವ ದ್ರಾವಣ ಬೇಕಾಗುತ್ತದೆ. ಮೈಕ್ರೋ ಸೆಟ್, ಮೈಕ್ರೋ ಸೋಲ್ ಎಂಬ ಹೆಸರಿನ ಎರಡು ದ್ರಾವಣಗಳಲ್ಲಿ ಮೊದಲನೆಯದನ್ನು ಡೆಕಾಲಿನ ಕೆಳಗೆ, ಎರಡನೆಯದನ್ನು ಮೇಲೆ ಹಚ್ಚುತ್ತಾರೆ. ಎರಡನೆಯದು ಹೆಚ್ಚು ತೀಕ್ಷ್ಣ. ಸಿಗದಿದ್ದರೆ ಅಡುಗೆಯ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿದರೆ ಸಣ್ಣ ತಿರುವಿಗೆ ಸಾಕಾಗುತ್ತದೆ. ತೀಕ್ಷ್ಣ ದ್ರಾವಣ ಹಾಕಿದ ಒಂದೆರಡು ನಿಮಿಷಕ್ಕೆ ಫಿಲ್ಮ್ ಒಣದ್ರಾಕ್ಷಿಯ ಹಾಗೆ ಸುಕ್ಕಾಗುತ್ತದೆ. ಎಲ್ಲರೂ ಗಾಬರಿಯಾಗಿ ಅಲ್ಲೇ ಕೈ ಹಾಕಿ ಹರಿಯುತ್ತಾರೆ. ಕೈ ಕಟ್ಟಿ ಕೂತಿರಿ; ಒಣಗುತ್ತಾ ಅದೇ ಎಳೆದುಕೊಂಡು ಮೈಗೆ ಮೈ ಕೊಟ್ಟು ಕೂರುತ್ತದೆ. ಮನೆಯಲ್ಲಿ ಸ್ಪ್ರೇ ಹೊಡೆದು ಮಾಡಿದ ಡೆಕಾಲ್ ಕಾರ್ಖಾನೆಯದರಷ್ಟು ತಡೆಯುವುದಿಲ್ಲ, ಮೊದಲು ಹಾಳು ತುಂಡಿನ ಮೇಲೆ ಪರೀಕ್ಷಿಸಿ.

ಒಂದು ರಾತ್ರಿ ಒಣಗಲಿ. ಬೆಳಗ್ಗೆ ಒದ್ದೆ ಬಟ್ಟೆಯಿಂದ ಸುತ್ತಲಿನ ಗೋಂದಿನ ಕಲೆ ಒರೆಸಿ. ಎಲ್ಲಾದರೂ ಬೆಳ್ಳಿ ಮಚ್ಚೆ ಕಂಡರೆ ಸಣ್ಣ ಸೂಜಿಯಲ್ಲಿ ನಾಲ್ಕಾರು ಕಡೆ ಚುಚ್ಚಿ, ಮೇಲೆ ಒಂದು ಹನಿ ದ್ರಾವಣ ಬಿಡಿ. ತೂತುಗಳಿಂದ ಒಳಗಿಳಿದು ಗಾಳಿಯನ್ನು ಹೊರಹಾಕುತ್ತದೆ. ಇದನ್ನು ಕೊನೆಯ ಕೋಟಿಗೆ ಮೊದಲೇ ಮಾಡಬೇಕು, ಆಮೇಲೆ ದಾರಿಯಿಲ್ಲ. ಕೊನೆಯ ಕೋಟು ಮೊದಲ ಎರಡು ಸಲ ಇಬ್ಬನಿಯಂತೆ, ಆಮೇಲೆ ಎರಡು ಸಲ ತುಸು ದಪ್ಪಗೆ ಹೊಡೆಯಿರಿ. ಅಂಚು ಪೂರ್ತಿ ಮಾಯವಾಗಬೇಕು ಅನ್ನುವವರು, ಆಂಪ್ಲಿಫೈಯರ್ ಮುಖ, ಗಿಟಾರ್ ತಲೆ ಮಾಡುವವರು, ನಾಲ್ಕೈದು ಕ್ಲಿಯರ್ ಕೋಟು ಏರಿಸಿ, ಒಂದು ವಾರ ಬಿಟ್ಟು, 2000 ನಂಬರಿನ ಕಾಗದದಲ್ಲಿ ನೀರು ಹಾಕಿ ಹಗುರವಾಗಿ ಉಜ್ಜಿ, ಮತ್ತೆ ಎರಡು ಕೋಟು ಹಾಕಿ. ಬೆರಳು ಸವರಿದರೂ ಅಂಚು ಸಿಗುವುದಿಲ್ಲ. ಕಾರು ಪೇಂಟಿನ ಎರಡು ಡಬ್ಬಿ ಬೆರೆಸುವ ಕ್ಲಿಯರ್ ಬಹಳ ಗಟ್ಟಿ, ನಿಜ, ಆದರೆ ಅದರ ಗಟ್ಟಿಕಾರಕದ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಅದನ್ನು ವರ್ಕ್‌ಶಾಪಿಗೇ ಬಿಡಿ.

ಪ್ರಶ್ನೋತ್ತರದಿಂದ

ಅಮ್ಮನವರೊಬ್ಬರು, ಸ್ಟೀಲ್ ಲೋಟ, ಕಾಫಿ ಕಪ್ಪಿನ ಮೇಲೆ ಮಾಡಬಹುದೇ ಎಂದು ಕೇಳಿದರು. ಹೊರಮೈಯಲ್ಲಿ ಅಲಂಕಾರಕ್ಕೆ ಮಾಡಬಹುದಮ್ಮ. ತುಟಿ ತಾಗುವ ಅಂಚಿನಿಂದ ಕೆಳಗೆ ಎರಡು ಬೆರಳು ಬಿಡಿ, ಒಳಮೈಗೆ ಬೇಡವೇ ಬೇಡ. ಪಾತ್ರೆ ಉಜ್ಜುವ ನಾರು ಹಾಕಿದರೆ ಉಳಿಯುವುದಿಲ್ಲ. ಅಂಗಡಿಯ ಪಿಂಗಾಣಿ ಕಪ್ಪಿನ ಮೇಲಿರುವುದೂ ಡೆಕಾಲೇ, ಆದರೆ ಅದರ ಬಣ್ಣ ಗಾಜಿನ ಪುಡಿಯದ್ದು, ಭಟ್ಟಿಯಲ್ಲಿ ಸುಟ್ಟು ಮೆರುಗಿನ ಜೊತೆ ಒಂದಾಗಿರುತ್ತದೆ. ಅದು ಮನೆಯ ಪ್ರಿಂಟರಿನಿಂದ ಆಗುವ ಕೆಲಸವಲ್ಲ.

ಮಂಡ್ಯದಿಂದ ಬಂದಿದ್ದ ಯುವಕರೊಬ್ಬರು ಸೈಕಲ್ ಫ್ರೇಮಿನ ಬಗ್ಗೆ ಕೇಳಿದರು. ದಿನವಿಡೀ ಬಿಸಿಲಿನಲ್ಲಿ ನಿಲ್ಲುವ ಸೈಕಲ್ಲಿಗೆ ಸಾಮಾನ್ಯ ಇಂಕ್‌ಜೆಟ್ ಬೇಡ, ಕೆಂಪು ಮತ್ತು ಹಳದಿ ಬೇಗ ಮಾಸುತ್ತವೆ. ಸ್ಕ್ರೀನ್ ಪ್ರಿಂಟ್ ಅಥವಾ ಲೇಸರ್, ಮೇಲೆ ಯುವಿ, ಅಂದರೆ ಬಿಸಿಲಿನ ಅತಿನೇರಳೆ ಕಿರಣ, ತಡೆಯುವ ಕ್ಲಿಯರ್. ಕೊಳವೆಯಂಥ ಫ್ರೇಮಿಗೆ ಉದ್ದ ಹೆಸರನ್ನು ಒಂದೇ ತುಂಡಾಗಿ ಹಚ್ಚಿದರೆ ಓರೆಯಾಗುತ್ತದೆ. ಮಾಸ್ಕಿಂಗ್ ಟೇಪಿನಲ್ಲಿ ನೇರ ಗೆರೆ ಹಾಕಿಕೊಂಡು, ನೀರು ಧಾರಾಳವಾಗಿ ಬಳಸಿ, ಗೆರೆಗೆ ಸರಿಯಾಗಿ ತಳ್ಳಿ.

ಕಳೆದ ವರ್ಷ ಉಳಿದ ಹಾಳೆ ಬಳಸಬಹುದೇ ಎಂದು ಇನ್ನೊಬ್ಬರ ಪ್ರಶ್ನೆ. ಗೋಂದು ತೇವ ಎಳೆಯುತ್ತದೆ, ಮಳೆಗಾಲದಲ್ಲಿ ಬಿಚ್ಚಿಟ್ಟ ಹಾಳೆ ಸುರುಳಿಯಾಗಿ ಒಂದಕ್ಕೊಂದು ಅಂಟಿರುತ್ತದೆ. ಜಿಪ್ ಕವರಿನಲ್ಲಿ ಸಿಲಿಕಾ ಪೊಟ್ಟಣದ ಜೊತೆ ಹಾಕಿ, ಚಪ್ಪಟೆಯಾಗಿ, ದಪ್ಪ ಪುಸ್ತಕದ ಕೆಳಗೆ ಇಡಿ. ಹಳೇ ಹಾಳೆಯ ಮೂಲೆಯಲ್ಲಿ ಸಣ್ಣ ತುಂಡು ಕತ್ತರಿಸಿ ನೀರಿಗೆ ಹಾಕಿ ನೋಡಿ. ಒಂದೇ ತುಂಡಾಗಿ ಜಾರಿದರೆ ಬಳಸಬಹುದು. ಚೂರು ಚೂರಾಗಿ ಬಿಟ್ಟರೆ ಇನ್ನೊಂದು ಸಣ್ಣ ತುಂಡಿಗೆ ಒಂದು ತೆಳು ಕ್ಲಿಯರ್ ಕೋಟು ಹೊಡೆದು, ಒಣಗಿಸಿ, ಇನ್ನೊಮ್ಮೆ ಪರೀಕ್ಷಿಸಿ; ಆಗಲೂ ಒಡೆದರೆ ಆ ಹಾಳೆಯ ಮೇಲೆ ಅಚ್ಚು ಹಾಕಿಸಬೇಡಿ.